ಮೂರು ಅಂಕದ ಗಂಡಭೇರುಂಡ

ಸಂಕ್ರಾಂತಿ ಕಳೆದರೆ ಅರಸೀಕೆರೆ ಬಸ್ ನಿಲ್ದಾಣದಲ್ಲಿ ಬೆಳಗಿನ ಎಂಟಕ್ಕೆಲ್ಲ ಬಿಳಿ ಕೋಟುಗಳು ಕಾಣಿಸಿಕೊಳ್ಳುತ್ತವೆ. ಬಾಣಾವರ, ಗಂಡಸಿ, ಕಣಕಟ್ಟೆ, ಜಾವಗಲ್ ಕಡೆಯ ಬಸ್ಸುಗಳಿಂದ ದ್ವಿತೀಯ ಪಿಯುಸಿ ಮಕ್ಕಳು ಇಳಿಯುತ್ತಾರೆ. ಕೋಟನ್ನು ಕೆಲವರು ತೊಟ್ಟೇ ಬಂದಿರುತ್ತಾರೆ, ಕೆಲವರು ಮಡಿಸಿ ತೋಳಿನ ಮೇಲೆ ಹಾಕಿಕೊಂಡಿರುತ್ತಾರೆ. ಕಂಕುಳಲ್ಲಿ ಬ್ರೌನ್ ಷೀಟ್ ಹಾಕಿದ ರೆಕಾರ್ಡ್ ಪುಸ್ತಕ. ಟೀ ಅಂಗಡಿಯ ಮುಂದೆ ನಿಂತ ಇಬ್ಬರು ಹುಡುಗರು ಕಣ್ಣು ಮುಚ್ಚಿ ಕೋಶ ವಿಭಜನೆಯ ಹಂತಗಳನ್ನು ಒಪ್ಪಿಸಿಕೊಳ್ಳುತ್ತಿದ್ದರೆ, ಅವರ ಬೆನ್ನ ಹಿಂದೆ ತೆಂಗಿನಕಾಯಿ ಹೇರಿದ ಲಾರಿಯೊಂದು ಮಂಡಿ ಕಡೆಗೆ ಹೊರಳುತ್ತದೆ. ಸ್ಟೇಷನ್ನಿನಿಂದ ಹುಬ್ಬಳ್ಳಿ ಕಡೆಯ ರೈಲಿನ ಕೂಗು ಕೇಳುತ್ತದೆ. ಇನ್ನು ಕೆಲವೇ ವಾರಕ್ಕೆ ಜೀವಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆ. ಈಗ ನಡೆಯುತ್ತಿರುವುದು ಅದರ ತಾಲೀಮು.

ಲ್ಯಾಬಿನ ಕಿಟಕಿ ಕಟ್ಟೆಯ ಮೇಲೆ ಸಾಲಾಗಿ ಗಾಜಿನ ಶೀಸೆಗಳು. ಒಂದೊಂದರ ಬಾಯಿಗೂ ಒಂದೊಂದು ಈರುಳ್ಳಿ ಕೂರಿಸಿದ್ದಾರೆ, ಬುಡ ಮಾತ್ರ ನೀರಿಗೆ ತಾಗುವ ಹಾಗೆ. ಅಲ್ಲಿಂದ ಇಳಿದ ಬಿಳಿ ಬೇರುಗಳ ತುದಿಯನ್ನು ಬೆಳಗಿನ ಹೊತ್ತೇ ಕತ್ತರಿಸಿ, ಅಸಿಟಿಕ್ ಆಮ್ಲ ಬೆರೆಸಿದ ಆಲ್ಕೊಹಾಲಿನಲ್ಲಿ ಒಂದು ದಿನ ನೆನೆಹಾಕಿಟ್ಟಿರುತ್ತಾರೆ. ಮುಂದಿನದು ವಿದ್ಯಾರ್ಥಿಯ ಕೈ ಕೆಲಸ. ತುದಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ಒಂದು ಹನಿ ಹೈಡ್ರೊಕ್ಲೋರಿಕ್ ಆಮ್ಲ, ಆಮೇಲೆ ಅಸಿಟೊಕಾರ್ಮೈನ್ ಬಣ್ಣ, ಸ್ಪಿರಿಟ್ ದೀಪದ ಮೇಲೆ ತುಸು ಬಿಸಿ. ಕುದಿ ಮಾತ್ರ ಬರಕೂಡದು. ಕವರ್ ಸ್ಲಿಪ್ ಮುಚ್ಚಿ, ಮೇಲೆ ಫಿಲ್ಟರ್ ಕಾಗದ ಮಡಿಸಿಟ್ಟು ಹೆಬ್ಬೆರಳಿನಿಂದ ಒತ್ತಬೇಕು.

ಪರೀಕ್ಷೆಯ ಅರ್ಧ ಆ ಹೆಬ್ಬೆರಳಿನಲ್ಲೇ ಇದೆ. ಒತ್ತು ಕಡಿಮೆಯಾದರೆ ಕೋಶಗಳು ಒಂದರ ಮೇಲೊಂದು ಗುಡ್ಡೆ ಬಿದ್ದು ಏನೂ ಕಾಣುವುದಿಲ್ಲ. ಬೆರಳು ಒಂದು ಕೂದಲೆಳೆಯಷ್ಟು ಅಡ್ಡ ಜಾರಿದರೂ ಕೋಶಗಳು ಹರಿದುಹೋಗುತ್ತವೆ. ಕಣಕಟ್ಟೆ ಕಡೆಯ ಒಬ್ಬ ಹುಡುಗಿ ನಾಲಿಗೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಉಸಿರು ಬಿಗಿಹಿಡಿದು ಒತ್ತಿದಳು. ಸ್ಲೈಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ತಿರುಪು ತಿರುಗಿಸುತ್ತ ಬಹಳ ಹೊತ್ತು ಹುಡುಕಿದಳು. ಆಮೇಲೆ, "ಸಾರ್, ಸಿಕ್ತು" ಎಂದಳು. ಅವಳ ಉಪನ್ಯಾಸಕರು ನೋಡಿದ ಮೇಲೆ ನಾನೂ ಬಗ್ಗಿ ನೋಡಿದೆ. ಇಟ್ಟಿಗೆ ಗೋಡೆಯಂತೆ ಜೋಡಿಸಿದ ಗುಲಾಬಿ ಕೋಶಗಳ ನಡುವೆ ಒಂದರಲ್ಲಿ ವರ್ಣತಂತುಗಳು ಸಮಭಾಜಕದ ಮೇಲೆ ಬಂದು ನಿಂತಿದ್ದವು. ಈರುಳ್ಳಿಯ ಕೋಶದಲ್ಲಿ ಅವು 16. ಜರ್ಮನಿಯ ವಾಲ್ಟರ್ ಫ್ಲೆಮಿಂಗ್ ಇಂಥದೇ ಕುಣಿತವನ್ನು ಸಲಮಾಂಡರ್ ಮರಿಗಳ ಕೋಶದಲ್ಲಿ ಕಂಡು, ಚಿತ್ರ ಬರೆದು, 1882ರಲ್ಲಿ ಪುಸ್ತಕ ಮಾಡಿದ. ಆತನಿಗೆ ದೊರೆತ ನೋಟ, ಅಪ್ಪನ ಜೊತೆ ಕಾಯಿ ಸುಲಿದು ಬೆರಳು ಒರಟಾದ ಈ ಹುಡುಗಿಗೆ ಅವಳದೇ ಕೈಯಿಂದ ದೊರೆತಿತ್ತು.

ಜೀವಶಾಸ್ತ್ರಕ್ಕೆ ಇರುವ 100 ಅಂಕದಲ್ಲಿ ಇಂಥ ಕೈ ಕೆಲಸಕ್ಕೆ 30, ಬರೆಯುವುದಕ್ಕೆ 70. ಅದಾದ ಮೇಲೆ ಸಿಇಟಿಯಲ್ಲಿ 60 ಪ್ರಶ್ನೆ. ಮೇ ತಿಂಗಳ ನೀಟ್‌ನಲ್ಲಿ ಒಟ್ಟು 180 ಪ್ರಶ್ನೆಗಳಲ್ಲಿ ಜೀವಶಾಸ್ತ್ರದ್ದೇ 90, ಸರಿಯಾದರೆ ನಾಲ್ಕು ಅಂಕ, ತಪ್ಪಿದರೆ ಒಂದು ಕಳೆಯುತ್ತದೆ. ಲಕ್ಷಾಂತರ ಮಕ್ಕಳ ನಡುವೆ ಸೀಟು ಹಂಚುವುದಕ್ಕೆ ಅಂಥ ಪರೀಕ್ಷೆ ಬೇಕು, ಅದನ್ನು ದೂರುವುದಿಲ್ಲ. 2017ರಿಂದ ಕನ್ನಡದಲ್ಲೂ ಅದನ್ನು ಬರೆಯಬಹುದು, ಅದು ದೊಡ್ಡ ಸಂಗತಿಯೇ. ಆದರೆ ಹೆಬ್ಬೆರಳಿನ ಹದವನ್ನು ನಾಲ್ಕು ಆಯ್ಕೆಯಲ್ಲಿ ಕೇಳಲು ಬರುವುದಿಲ್ಲ. ಕಣ್ಣೆದುರಿಗೇ ಇರುವುದನ್ನು ಕಂಡಿದ್ದೀಯಾ ಎಂದು ಕೇಳುವುದಕ್ಕೂ ಅಲ್ಲಿ ಜಾಗವಿಲ್ಲ. ಈ ಸೀಮೆಯಲ್ಲಿ ಕಣ್ಣೆದುರಿಗೆ ಇರುವುದು ಎಷ್ಟೊಂದು!

ಕಾಲೇಜಿನ ಗೇಟಿನ ಹೊರಗೆ ಎಳನೀರಿನ ಗಾಡಿ. ಲ್ಯಾಬಿನಿಂದ ಹೊರಬಂದ ಉಪನ್ಯಾಸಕರು ನಾಲ್ಕು ಮಕ್ಕಳನ್ನು ಅಲ್ಲಿಗೇ ಕರೆದರು. ಗಾಡಿಯವನು ಕಾಯಿಯನ್ನು ಬೆರಳಿನಿಂದ ತಟ್ಟಿ, "ನೀರಿಂದಾ ಸಾರ್, ಗಂಜಿದಾ?" ಎಂದು ಕೇಳಿದ. "ಎರಡೂ ಕೊಡಪ್ಪ" ಎಂದರು. ಮಚ್ಚು ನಾಲ್ಕು ಸಲ ಬಿತ್ತು. ಒಂದರಲ್ಲಿ ಬರೀ ನೀರು. ಇನ್ನೊಂದರ ಗೋಡೆಗೆ ಬೆರಳಿಗೆ ಅಂಟುವಷ್ಟು ತೆಳುವಾದ ಗಂಜಿ. "ಈಗ ಹೇಳಿ, ನೀವು ಕುಡೀತಿರೋದು ಏನು?"

ಮಕ್ಕಳು ನಕ್ಕರು. ಉತ್ತರ ಪಠ್ಯಪುಸ್ತಕದಲ್ಲೇ ಇದೆ, ಸಪುಷ್ಪ ಸಸ್ಯಗಳ ಸಂತಾನೋತ್ಪತ್ತಿಯ ಪಾಠದಲ್ಲಿ. ಹೊಂಬಾಳೆ ಒಡೆದು, ಪರಾಗ ಬಂದು ಸೇರಿದಾಗ ಒಂದು ಗಂಡು ಕೋಶಕೇಂದ್ರ ಅಂಡದೊಡನೆ ಕೂಡಿ ಭ್ರೂಣವಾಗುತ್ತದೆ, ಇನ್ನೊಂದು ಎರಡು ಧ್ರುವ ಕೋಶಕೇಂದ್ರಗಳೊಡನೆ ಕೂಡಿ ಭ್ರೂಣಾಹಾರವಾಗುತ್ತದೆ. ರಷ್ಯದ ನವಾಷಿನ್ 1898ರಲ್ಲಿ ಇದನ್ನು ಲಿಲ್ಲಿ ಜಾತಿಯ ಗಿಡಗಳಲ್ಲಿ ಕಂಡ. ತೆಂಗಿನಲ್ಲಿ ಆ ಭ್ರೂಣಾಹಾರದ ಕೋಶಕೇಂದ್ರ ಒಡೆದು ಎರಡಾಗಿ, ನಾಲ್ಕಾಗಿ, ಸಾವಿರಾರು ಆಗುತ್ತದೆ. ಆದರೆ ನಡುವೆ ಗೋಡೆ ಏಳುವುದಿಲ್ಲ. ಎಳನೀರೆಂದರೆ ಗೋಡೆಯಿಲ್ಲದ ಸಾವಿರಾರು ಕೋಶಕೇಂದ್ರಗಳು ತೇಲುವ ನೀರು. ತಿಂಗಳು ಕಳೆದಂತೆ ಅಂಚಿನಿಂದ ಗೋಡೆ ಕಟ್ಟುತ್ತ ಬಂದದ್ದೇ ಗಂಜಿ, ಅದು ಬಲಿತು ಕಾಯಿಯ ತಿರುಳು. ಕುಡಿಯುವವರು ನೀರು ಬೇಕೋ ಗಂಜಿ ಬೇಕೋ ಎಂದು ಹೇಳುವಾಗ ಭ್ರೂಣಾಹಾರದ ವಯಸ್ಸನ್ನೇ ಹೇಳುತ್ತಿದ್ದಾರೆ. ತಟ್ಟಿದ ಸದ್ದಿನಲ್ಲಿ ಅದನ್ನು ಗುರುತಿಸುವ ಗಾಡಿಯವನ ಕಿವಿಗೆ ನಾನಾದರೆ ಪೂರ್ತಿ ಅಂಕ ಕೊಡುತ್ತೇನೆ.

"ತೆಂಗಿನ ಎಲೆಯ ಕೋಶದಲ್ಲಿ 32 ವರ್ಣತಂತು. ಗಂಜಿಯ ಕೋಶದಲ್ಲಿ?" ಒಬ್ಬ ಹುಡುಗ ಥಟ್ಟನೆ 32 ಎಂದ. ಇನ್ನೊಬ್ಬಳು 16 ಎಂದಳು. ಗಂಡಸಿಯ ಹುಡುಗ ಎಳನೀರಿನ ಬುರುಡೆಯೊಳಗೇ ನೋಡುತ್ತಾ, "ಎರಡು ಹದಿನಾರು, ಇನ್ನೊಂದು ಹದಿನಾರು... ನಲವತ್ತೆಂಟು ಸಾರ್" ಎಂದ. ಅದನ್ನು ಹೇಳುವಾಗ ಅವನ ಮುಖದಲ್ಲಿದ್ದ ಬೆರಗು, ಹುಟ್ಟಿದಾಗಿನಿಂದ ತಿಂದ ವಸ್ತುವಿನ ಗುಟ್ಟು ಈಗ ಬಿಟ್ಟುಕೊಟ್ಟಿತಲ್ಲ ಎಂಬಂಥದು. ಹಸುರು ಹೊನ್ನು ಬರೆದ ಬಿ.ಜಿ.ಎಲ್. ಸ್ವಾಮಿಯವರು ವೃತ್ತಿಯಲ್ಲಿ ಸಸ್ಯ ಭ್ರೂಣಶಾಸ್ತ್ರಜ್ಞರು. ವಿದ್ಯಾರ್ಥಿಗಳನ್ನು ಕಾಡುಗಳಲ್ಲಿ ಸುತ್ತಿಸಿ ಗಿಡ ಗುರುತಿಸುವುದನ್ನು ಕಲಿಸಿದವರು. ಅವರಿದ್ದಿದ್ದರೆ ಈ ಗಾಡಿಯ ಮುಂದೆ ಇನ್ನೂ ಬಹಳ ಹೊತ್ತು ನಿಲ್ಲುತ್ತಿದ್ದರು ಎನ್ನಿಸಿತು.

ಪ್ರಶ್ನೆಗಳು ಅಲ್ಲಿಗೇ ಮುಗಿಯಲಿಲ್ಲ. ಗಾಡಿಯ ಮೂಲೆಯಲ್ಲಿ ಪಕ್ಕಕ್ಕೆ ಎಸೆದ ಒಂದು ಕಾಯಿಯ ತೊಟ್ಟಿನ ಕೆಳಗೆ ಕಂದು ಬಣ್ಣದ ಮಚ್ಚೆ ಹರಡಿ, ಸಿಪ್ಪೆ ಬಿರುಕು ಬಿಟ್ಟಿತ್ತು. "ಇದು ನುಸಿ ಸಾರ್" ಎಂದು ನಾಲ್ವರೂ ಒಟ್ಟಿಗೆ ಹೇಳಿದರು. ತೆಂಗಿನ ನುಸಿಯನ್ನು ವಿಜ್ಞಾನ ಮೊದಲು ಹೆಸರಿಟ್ಟು ಗುರುತಿಸಿದ್ದು 1965ರಲ್ಲಿ, ಮೆಕ್ಸಿಕೊದ ಗೆರೆರೊ ಪ್ರಾಂತ್ಯದ ಕಾಯಿಗಳಿಂದ. 1998ರಲ್ಲಿ ಅದು ಕೇರಳದಲ್ಲಿ ಕಾಣಿಸಿತು. ಆಮೇಲೆ ಈ ಕಡೆಯ ತೋಟಗಳಿಗೆ ಬರಲು ತಡವಾಗಲಿಲ್ಲ. ಆ ವರ್ಷಗಳಲ್ಲಿ ಕಾಯಿ ಸಣ್ಣಗಾಗಿ, ಬೆಲೆ ಬಿದ್ದು, ತಿಪಟೂರು ಅರಸೀಕೆರೆ ಸೀಮೆಯ ಮನೆಗಳು ತತ್ತರಿಸಿದ್ದನ್ನು ಈ ಮಕ್ಕಳು ಅಜ್ಜನ ಬಾಯಲ್ಲಿ ಕೇಳಿದ್ದಾರೆ. "ಸರಿ, ನುಸಿ ಕೀಟವಾ?" ಯಾರೂ ಮಾತಾಡಲಿಲ್ಲ. ಕೀಟಕ್ಕೆ ಆರು ಕಾಲು. ಜೇಡದ ಬಳಗಕ್ಕೆ ಎಂಟು. ನುಸಿ ಜೇಡದ ಬಳಗದ್ದು, ಆದರೂ ಈ ನುಸಿಗೆ ಇರುವುದು ನಾಲ್ಕೇ ಕಾಲು. ಒಂದು ಮಿಲಿಮೀಟರಿನ ಕಾಲು ಭಾಗವೂ ಇಲ್ಲದ ದೇಹ, ಹುಳುವಿನ ಹಾಗೆ ನೀಳ. ಕಾಯಿಯ ತೊಟ್ಟಿನ ಎಸಳುಗಳ ಕೆಳಗೆ, ಔಷಧಿ ತಲುಪದ ಸಂದಿನಲ್ಲಿ ಅದರ ವಾಸ. ಉಪನ್ಯಾಸಕರು ಒಂದು ಎಸಳು ಕಿತ್ತು ಕೈಮಸೂರದಲ್ಲಿ ತೋರಿಸಿದರು. ಬಿಳಿ ಹುಡಿಯೊಂದು ಅಲುಗಿತು. ಅದನ್ನು ನೋಡಿದ ಮೇಲೆ ವರ್ಗೀಕರಣದ ಪಾಠವನ್ನು ಯಾರೂ ಮರೆಯಲಾರರು.

ಅರಸೀಕೆರೆಯ ತೋಟಗಾರಿಕೆ ಸಂಶೋಧನಾ ಕೇಂದ್ರದಲ್ಲಿ ತೆಂಗಿನ ಮೇಲೆ ದಶಕಗಳಿಂದ ಕೆಲಸ ನಡೆದಿದೆ. ಕಪ್ಪು ತಲೆ ಹುಳು ಗರಿಯನ್ನು ಸುಟ್ಟಂತೆ ಮಾಡಿದಾಗ ಅದರ ಮೇಲೆ ಗೋನಿಯೋಜಸ್ ಎಂಬ ಪುಟ್ಟ ಕಣಜವನ್ನು ಬಿಡುತ್ತಾರೆ. ಕಣಜ ಹುಳುವಿನ ಮೈ ಮೇಲೆ ಮೊಟ್ಟೆಯಿಡುತ್ತದೆ, ಮರಿಗಳು ಹುಳುವನ್ನೇ ತಿಂದು ಬೆಳೆಯುತ್ತವೆ. ಪರತಂತ್ರ ಜೀವನಕ್ಕೆ ಪುಸ್ತಕದಲ್ಲಿ ಎಲ್ಲೆಲ್ಲಿಯದೋ ಉದಾಹರಣೆ ಬರೆಯುವ ಮಗುವಿನ ತೋಟದಲ್ಲೇ ಅದು ನಡೆಯುತ್ತಿರುತ್ತದೆ.

ಈ ಉಪನ್ಯಾಸಕರು ಪರೀಕ್ಷೆಗೆ ಮೊದಲು ಒಂದು ಭಾನುವಾರ ಮಕ್ಕಳನ್ನು ಹಳೇಬೀಡು, ಬೇಲೂರಿಗೆ ಕರೆದೊಯ್ಯುವ ಪರಿಪಾಠ ಇಟ್ಟುಕೊಂಡಿದ್ದಾರೆ. ಜೊತೆಗೆ ನಾನೂ ಹೊರಟೆ.

ಅರಸೀಕೆರೆಯಿಂದ ಜಾವಗಲ್ ದಾರಿ ಹಿಡಿದರೆ ಒಂದೇ ಬೆಳಗಿನಲ್ಲಿ ನೆಲ ಬದಲಾಗುವುದನ್ನು ನೋಡಬಹುದು. ಮೊದಲು ತೆಂಗಿನ ತೋಟ, ಕಲ್ಲು ಗುಡ್ಡ, ರಾಗಿ ಕೊಯ್ದ ಹೊಲದಲ್ಲಿ ಮೆದೆ, ಬದುಗಳಲ್ಲಿ ಸೊಗಡು ಬೀರುವ ಅವರೆ. ಹಳೇಬೀಡು ಹತ್ತಿರವಾದಂತೆ ಮಣ್ಣಿನ ಬಣ್ಣ ಗಾಢವಾಗುತ್ತದೆ, ಆಲೂಗಡ್ಡೆ ಶುಂಠಿಯ ಹೊಲಗಳು ಬರುತ್ತವೆ. ಬೇಲೂರು ದಾಟಿದರೆ ಸಿಲ್ವರ್ ಓಕಿಗೆ ಹಬ್ಬಿದ ಮೆಣಸಿನ ಬಳ್ಳಿ, ಅದರ ಕೆಳಗೆ ಕಾಫಿ. ಪಶ್ಚಿಮಘಟ್ಟಕ್ಕೆ ತಾಗಿ ಸುರಿದು ಉಳಿದ ಮೋಡ ಮೂಡಣಕ್ಕೆ ಬರುತ್ತಾ ಖಾಲಿಯಾಗುತ್ತದೆ. ಬೇಲೂರು ಮಲೆನಾಡಿನ ಸೆರಗು, ಅರಸೀಕೆರೆ ಬಯಲುಸೀಮೆ. ಎರಡು ಪರಿಸರ ವ್ಯವಸ್ಥೆಗಳು ಕೂಡುವ ಅಂಚು ಎಂದು ಪುಸ್ತಕ ಹೇಳುವುದನ್ನು ಬಸ್ಸಿನ ಕಿಟಕಿ ತೋರಿಸುತ್ತಿತ್ತು.

ಹಳೇಬೀಡಿನಲ್ಲಿ ಎಲ್ಲರೂ ಮೊದಲು ದೇವಸ್ಥಾನಕ್ಕೆ ಓಡುತ್ತಾರೆ. ಇವರು ಮೊದಲು ಕೆರೆಗೆ ಇಳಿದರು. ಎರಡು ಬೇರೆ ಜಲಮೂಲಗಳ ನೀರು ತಂದು ಆಮ್ಲೀಯತೆ, ತಿಳಿ, ಅದರೊಳಗಿನ ಜೀವಿಗಳನ್ನು ಹೋಲಿಸಿ ನೋಡುವುದು ಪಠ್ಯದ ಪ್ರಯೋಗಗಳಲ್ಲೊಂದು. ಒಂದು ಶೀಸೆಗೆ ಇಲ್ಲಿನ ದ್ವಾರಸಮುದ್ರ ಕೆರೆಯ ನೀರು, ಇನ್ನೊಂದಕ್ಕೆ ಬೇಲೂರಿನ ಯಗಚಿ ಹೊಳೆಯದು ಎಂದು ಚೀಟಿ ಅಂಟಿಸಿಕೊಂಡು ಬಂದಿದ್ದರು. ಹೊಯ್ಸಳರಿಗಿಂತ ಹಳೆಯದೆಂದು ಹೇಳುವ ಕೆರೆ ದ್ವಾರಸಮುದ್ರ. ಮಳೆ ಕೈಕೊಟ್ಟ ವರ್ಷಗಳಲ್ಲಿ ತಳ ಬಿರಿದದ್ದುಂಟು. ಯಗಚಿ ನೀರನ್ನು ಇಲ್ಲಿಗೆ ತರುವ ರಣಘಟ್ಟ ಯೋಜನೆಗಾಗಿ ಈ ಭಾಗದ ರೈತರು ಬೀದಿಗಿಳಿದದ್ದೂ ಉಂಟು. ಅಂಚಿನಲ್ಲಿ ಜೊಂಡು, ನಡುವೆ ನೀರುಕಾಗೆ, ಹಸುಗಳ ಹಿಂದೆ ಬೆಳ್ಳಕ್ಕಿ. ಒಂದು ಹನಿ ನೀರನ್ನು ಮಡಿಸುವ ಪುಟ್ಟ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಸಿರು ಎಳೆಗಳು, ಅವುಗಳ ನಡುವೆ ತಟ್ಟನೆ ನೆಗೆಯುವ ಒಂದು ಒಕ್ಕಣ್ಣಿನ ಸೈಕ್ಲಾಪ್ಸ್.

ಪರಿಸರ ವ್ಯವಸ್ಥೆಯಲ್ಲಿ ಶಕ್ತಿ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ, ಮೇಲಿನ ಮೆಟ್ಟಿಲಿಗೆ ಸುಮಾರು ಹತ್ತನೇ ಒಂದು ಪಾಲು ಮಾತ್ರ ದಾಟುತ್ತದೆ ಎಂಬ ಅರಿವಿಗೆ ಬುನಾದಿ ಹಾಕಿದ ರೇಮಂಡ್ ಲಿಂಡೆಮನ್ ಕೂಡ ಒಂದು ಕೆರೆಯ ದಡದವನೇ. ಅಮೆರಿಕದ ಮಿನ್ನೆಸೋಟದ ಒಂದು ಚಿಕ್ಕ ಕೆರೆಯಲ್ಲಿ ವರ್ಷಗಟ್ಟಲೆ ಅಳೆದು ಬರೆದ ಅವನ ಪ್ರಬಂಧ ಅಚ್ಚಾದದ್ದು 1942ರಲ್ಲಿ. ಅದನ್ನು ಅಚ್ಚಿನಲ್ಲಿ ನೋಡಲು ಅವನಿರಲಿಲ್ಲ, ಇಪ್ಪತ್ತಾರಕ್ಕೇ ತೀರಿಕೊಂಡಿದ್ದ. ಮಕ್ಕಳು ಈ ಮಾತು ಕೇಳಿ ಸ್ವಲ್ಪ ಹೊತ್ತು ಸುಮ್ಮನಾದರು. ತಮಗಿಂತ ಹತ್ತು ವರ್ಷವೂ ದೊಡ್ಡವನಲ್ಲ.

ಹೊಯ್ಸಳೇಶ್ವರದ ಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಇನ್ನೂ ಮೇಲೆ ಮಕರ, ಹಂಸ. ಮಕರದ ಮುಂದೆ ಒಂದು ಆಟ ನಡೆಯಿತು. ಮೊಸಳೆಯ ದವಡೆ, ಆನೆಯ ಸೊಂಡಿಲು, ನವಿಲಿನ ಬಾಲ. ಇದನ್ನು ಯಾವ ವರ್ಗಕ್ಕೆ ಸೇರಿಸುತ್ತೀರಿ? ಸರೀಸೃಪವೋ, ಸ್ತನಿಯೋ, ಪಕ್ಷಿಯೋ? ಗರಿಯಿದ್ದರೆ ಪಕ್ಷಿ ಎಂದ ಒಬ್ಬ. ಹೃದಯ ನೋಡಬೇಕು, ಕೋಣೆ ನಾಲ್ಕಿದೆಯೋ ಹೇಗೆ ಎಂದಳು ಒಬ್ಬಳು. ಮೊಸಳೆಗೂ ನಾಲ್ಕು ಕೋಣೆಯ ಹೃದಯ ಎಂದು ಇನ್ನೊಬ್ಬಳು ನೆನಪಿಸಿದಳು. ಹಿಂದೆ ನಿಂತಿದ್ದ ಗೈಡ್ ಒಬ್ಬರು ತಮ್ಮ ಪ್ರವಾಸಿಗರನ್ನೂ ಮರೆತು ಕೇಳುತ್ತಿದ್ದರು. ಹೊರಗಿನ ಬಯಲುಗಲ್ಲುಗಳ ಮೇಲೆ ಬೂದು ಹಸಿರಿನ ಚಕ್ಕೆಗಳು ಹಬ್ಬಿದ್ದವು. ಅಡುಗೆಮನೆಯ ಡಬ್ಬಿಯಲ್ಲಿರುವ ಕಲ್ಲುಹೂವಿನ ಸಂಬಂಧಿಗಳು ಅವು, ಶಿಲೀಂಧ್ರವೂ ಪಾಚಿಯೂ ಕೂಡಿ ಮಾಡಿದ ಸಂಸಾರ. ಬರಿ ಬಂಡೆಯ ಮೇಲೆ ಮೊದಲು ಬಂದು ನೆಲೆಸಿ, ಆಮ್ಲ ಒಸರಿ ಕಲ್ಲನ್ನು ಮಣ್ಣು ಮಾಡುವುದು ಅವುಗಳ ಕೆಲಸ. ಅಂದಮೇಲೆ ಶಿಲ್ಪಕ್ಕೆ ಅವು ಹಬ್ಬುವುದು ಒಳ್ಳೆಯದೋ ಕೆಟ್ಟದ್ದೋ ಎಂಬುದೂ ಒಂದು ಪ್ರಶ್ನೆಯಾಯಿತು.

ಬೇಲೂರು ಮುಟ್ಟಿದಾಗ ಬಿಸಿಲು ಏರಿತ್ತು. 1117ರ ಚೆನ್ನಕೇಶವ ದೇವಾಲಯ, 2023ರ ಸೆಪ್ಟೆಂಬರಿನಿಂದ ಹಳೇಬೀಡು, ಸೋಮನಾಥಪುರಗಳೊಡನೆ ಯುನೆಸ್ಕೊ ಪಟ್ಟಿಯಲ್ಲಿದೆ. ಜನ ಮದನಿಕೆಯರನ್ನು ನೋಡುತ್ತಿದ್ದರು. ಉಪನ್ಯಾಸಕರು ಮಕ್ಕಳನ್ನು ಒಂದು ಚಿಕ್ಕ ಕೆತ್ತನೆಯ ಮುಂದೆ ನಿಲ್ಲಿಸಿದರು. ಗಡಿಬಿಡಿಯಲ್ಲಿ ಹೋಗುವವರ ಕಣ್ಣಿಗೆ ಬೀಳದಂಥದು. ಒಂದು ಹಾವಿನ ಬಾಯಲ್ಲಿ ಪುಟ್ಟ ಪ್ರಾಣಿಯಿದೆ. ಇಲಿ ಎನ್ನುವವರಿದ್ದಾರೆ, ಜಿಂಕೆ ಎನ್ನುವವರೂ ಇದ್ದಾರೆ. ಆ ಹಾವನ್ನು ಆನೆ ಹಿಡಿದಿದೆ. ಆನೆಯ ಮೇಲೆ ಸಿಂಹ ಎರಗಿದೆ. ಸಿಂಹವನ್ನು ಶರಭ, ಶರಭವನ್ನು ಎರಡು ತಲೆಯ ಗಂಡಭೇರುಂಡ. ಪಕ್ಕದಲ್ಲಿ ಇದನ್ನೆಲ್ಲ ನೋಡಿ ಬೆರಗಾಗಿ ನಿಂತ ಒಬ್ಬ ಋಷಿ.

"ಮೂರು ಅಂಕ. ಇದು ಆಹಾರ ಸರಪಳಿಯೇ? ಅಲ್ಲವಾದರೆ ಯಾಕೆ?"

ನೋಟುಪುಸ್ತಕಗಳು ತೆರೆದವು. ಮೊದಲ ಉತ್ತರ ಬಂದದ್ದು ಶರಭ, ಗಂಡಭೇರುಂಡ ಇಲ್ಲವೇ ಇಲ್ಲ ಎಂದು. ಅದಕ್ಕೆ ಅರ್ಧ ಅಂಕ ಸಿಕ್ಕಿತು. ಆನೆ ಹಾವು ತಿನ್ನುವುದಿಲ್ಲ ಎಂಬುದು ಎರಡನೆಯದು. ಹಿಡಿದ ಮಾತ್ರಕ್ಕೆ ತಿಂದಂತಾಗದು, ಬಾಣದ ಗುರುತು ಹಾಕಬೇಕಾದರೆ ಶಕ್ತಿ ದಾಟಬೇಕು. ಇದಕ್ಕೆ ಒಂದು ಅಂಕ. ಮೂರನೆಯದು ಬಹಳ ಹೊತ್ತು ಬರಲಿಲ್ಲ. ಆಮೇಲೆ ಕಣಕಟ್ಟೆಯ ಅದೇ ಹುಡುಗಿ ಕೆತ್ತನೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿ ಕೇಳಿದಳು, "ಸಾರ್, ಹುಲ್ಲೆಲ್ಲಿ?"

ಹುಲ್ಲಿಲ್ಲ. ಉತ್ಪಾದಕನಿಲ್ಲದೆ ಸರಪಳಿ ಶುರುವಾಗುವುದೇ ಇಲ್ಲ. ಉಪನ್ಯಾಸಕರಿಗೆ ಆದ ಸಂತೋಷ ಹೇಳತೀರದು. ಅಲ್ಲೇ ಕಟ್ಟೆಯ ಮೇಲೆ ಕೂತು ಲೆಕ್ಕ ಹಾಕಿಸಿದರು. ಹುಲ್ಲಿನಲ್ಲಿ 10,000 ಜೂಲ್ ಶಕ್ತಿ ಇದೆ ಎನ್ನಿ. ಜಿಂಕೆಗೆ 1,000, ಹೆಬ್ಬಾವಿಗೆ 100. ಇಲ್ಲಿಯವರೆಗೆ ನಿಜವಾದ ಕಾಡು. ಕೆತ್ತನೆಯನ್ನೇ ನಂಬಿ ಮುಂದೆ ಹೋದರೆ ಆನೆಗೆ 10, ಸಿಂಹಕ್ಕೆ 1, ಶರಭಕ್ಕೆ 0.1, ಗಂಡಭೇರುಂಡಕ್ಕೆ 0.01. ಅಷ್ಟು ದೊಡ್ಡ ದೇಹವನ್ನು ಅಷ್ಟರಲ್ಲಿ ಸಾಕಲಾಗದು. ನಿಸರ್ಗದ ಸರಪಳಿಗಳು ನಾಲ್ಕೈದು ಕೊಂಡಿಗೆ ಯಾಕೆ ನಿಲ್ಲುತ್ತವೆ ಎಂಬುದಕ್ಕೆ ಇದಕ್ಕಿಂತ ಚೆನ್ನಾದ ವಿವರಣೆಯನ್ನು ನಾನು ಕೇಳಿಲ್ಲ. ಶಿಲ್ಪಿ ಹೇಳಹೊರಟಿದ್ದು ಊಟದ ಮಾತಲ್ಲ, ಬಲದ ಮಾತು. ಬಲ್ಲಿದನಿಗೆ ಬಲ್ಲಿದ ಇದ್ದಾನೆ ಎಂಬುದು. ಅದೇ ಗಂಡಭೇರುಂಡ ಇಂದು ನಮ್ಮ ರಾಜ್ಯದ ಲಾಂಛನದಲ್ಲಿದೆ. ಎರಡು ಅರಿವುಗಳೂ ಒಂದೇ ಕಲ್ಲಿನ ಮುಂದೆ ನಿಂತು ಒಂದನ್ನೊಂದು ಕೆಡಿಸದೆ ಉಳಿದವು. ಅದು ನನಗೆ ಹಿಡಿಸಿತು.

ನಿಜದ ಕಾಡಿನಲ್ಲಿ ಆನೆ ಎರಡನೇ ಮೆಟ್ಟಿಲಿನ ಪ್ರಾಣಿ, ಪ್ರಾಥಮಿಕ ಭಕ್ಷಕ. ಇದನ್ನು ವಿವರಿಸಿ ಹೇಳಿದ್ದು ಬಿಕ್ಕೋಡು ಕಡೆಯಿಂದ ಬಂದು ಅರಸೀಕೆರೆಯ ನೆಂಟರ ಮನೆಯಲ್ಲಿದ್ದು ಓದುತ್ತಿರುವ ಹುಡುಗಿ. ಬೇಲೂರು ತಾಲ್ಲೂಕಿನ ಬಿಕ್ಕೋಡು, ಅರೇಹಳ್ಳಿ ಸುತ್ತಿನ ಕಾಫಿ ತೋಟಗಳಲ್ಲಿ ಆನೆಯ ಹಿಂಡುಗಳು ಈಗ ವರ್ಷವಿಡೀ ಇರುತ್ತವೆ. ಸಂಜೆಯ ಬಸ್ಸಿಳಿದು ಮನೆಗೆ ನಡೆಯುವ ಮಕ್ಕಳಿಗೆ, ಹಣ್ಣು ಬಿಡಿಸಲು ಹೋಗುವ ಹೆಂಗಸರಿಗೆ ದಿನವೂ ಅದೇ ದಿಗಿಲು. ಹಿಂಡು ಎಲ್ಲಿದೆ ಎಂದು ಫೋನಿಗೆ ಸಂದೇಶ ಬರುತ್ತದೆ. ಸರ್ಕಾರ 2022ರಲ್ಲಿ ಆನೆ ಕಾರ್ಯಪಡೆ ಮಾಡಿತು. 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ದಸರಾ ಅಂಬಾರಿ ಹೊತ್ತಿದ್ದ ಸಾಕಾನೆ ಅರ್ಜುನ ಪ್ರಾಣ ಬಿಟ್ಟ. ಆ ಹುಡುಗಿ ಇದನ್ನೆಲ್ಲ ಗಟ್ಟಿ ದನಿಯಲ್ಲಿ ಹೇಳುತ್ತಿದ್ದಳು. ಲದ್ದಿಯಲ್ಲಿ ಹಲಸಿನ ಬೀಜ ಮೊಳಕೆಯೊಡೆದದ್ದನ್ನು ನೋಡಿದ್ದಾಳೆ. ತಿಂದದ್ದರಲ್ಲಿ ಅರ್ಧ ಅರಗುವುದಿಲ್ಲ ಎಂದು ಲದ್ದಿ ಕೆದಕಿದವರಿಗೆ ಗೊತ್ತು ಎಂದಳು. ಆನೆಯನ್ನು ಎಣಿಸುವವರೂ ಲದ್ದಿಯ ಲೆಕ್ಕದಿಂದಲೇ ಅಂದಾಜು ಹಾಕುವುದುಂಟು, ಹಿಂದೆ ಹುಲಿಯನ್ನು ಹೆಜ್ಜೆಯ ಗುರುತಿನಿಂದ ಎಣಿಸುತ್ತಿದ್ದಂತೆ. ಜೀವಿಸಂಖ್ಯೆಯ ಪಾಠದಲ್ಲಿ ಇಂಥ ಪರೋಕ್ಷ ಎಣಿಕೆಯ ಮಾತು ಇದೆ. ಅವಳು ಅದನ್ನು ಓದುವ ಮೊದಲೇ ತೋಟದಲ್ಲಿ ಕಂಡಿದ್ದಳು.

"ಹಂಗಾದ್ರೆ ಸೋಮವಾರದ ಟೆಸ್ಟಿಗೆ ಇದೇ ಪ್ರಶ್ನೆ" ಎಂದರು ಉಪನ್ಯಾಸಕರು ಬಸ್ಸು ಹತ್ತುತ್ತ. "ಬಿಕ್ಕೋಡಿನ ಒಂದು ಕಾಫಿ ತೋಟದ ಆಹಾರ ಜಾಲ ಬರೆಯಿರಿ. ಐದು ಅಂಕ."

ಹಿಂದಿನ ಸೀಟಿನಲ್ಲಿ ಗದ್ದಲವೆದ್ದಿತು. ಹಲಸು, ಬಿದಿರು, ಕಾಫಿ ಹಣ್ಣು, ಮಂಗ, ಕಾಂಡಕೊರಕ, ಮರಕುಟಿಗ, ಕೆರೆ ಹಾವು, ನವಿಲು. ಬಾಣ ಯಾವ ಕಡೆಗೆ ಎಂದು ಜಗಳ. ಗಂಡಸಿಯ ಹುಡುಗ ಎದ್ದು ನಿಂತು, "ಮನುಷ್ಯನ್ನೂ ಹಾಕ್ಬೇಕಾ ಸಾರ್?" ಎಂದು ಕೇಳಿದ.

"ಹಾಕಪ್ಪ. ಎಲ್ಲಿ ಹಾಕ್ತೀಯ ಅನ್ನೋದಕ್ಕೇ ಎರಡು ಅಂಕ."